ತಾಮ್ರದಲ್ಲಿ ಉಳಿದ ಕೈ

ಶಿವಮೂರ್ತಿಯ ಬೈಕ್ ನಿಂತ ಸದ್ದು ಕೇಳಿದ್ದೇ ತಡ, ಶಾಂತಲಾ ಮೇಜಿನ ಮೇಲಿದ್ದ, ತಾನೇ ಚಿತ್ರ ಕೆತ್ತಿದ ತಾಮ್ರದ ತಗಡಿಗೂ ಅದರಿಂದ ತೆಗೆದ ಮೊದಲ ಪ್ರಿಂಟಿಗೂ ವೇಲ್ ಹೊದಿಸಿದಳು. ಶೆಟ್ಟಿಹಳ್ಳಿಯ ಆ ಪುಟ್ಟ ಸ್ಟುಡಿಯೋದಲ್ಲಿ ಬಚ್ಚಿಡಲು ಬೇರೆ ಜಾಗ ಇರಲಿಲ್ಲ.

"ಯಾಕೇ ಹಂಗ್ ನಿಂತಿದೀಯ? ನಾನ್ ಬಂದಿದ್ದು ಇಷ್ಟ ಆಗ್ಲಿಲ್ವಾ?" ಎಂದು ಅವನು ಕಣ್ಣಲ್ಲೇ ನಕ್ಕ. ಆ ನಗುವಿಗೇ ಅವಳು ಸೋತಿದ್ದು. ಇವತ್ತು ಮಾತ್ರ ತಲೆಯೆತ್ತಿ ನೋಡಲು ಧೈರ್ಯ ಬರಲಿಲ್ಲ.

ಕಾಲೇಜಿನಲ್ಲಿ ಕಲಾ ಇತಿಹಾಸ ಕಲಿಸುವ ಅವನೇ ಅವಳಿಗೆ ಹಳೆಯ ಡಚ್ಚರ ತಾಮ್ರದ ಕೆತ್ತನೆಯ ಹುಚ್ಚು ಹಿಡಿಸಿದವನು. ಒಂದು ಚಿತ್ರದಲ್ಲಿ ಮೇರಿಯ ಮಡಿಲಲ್ಲಿ ಬಾಲಯೇಸು. ಎದುರಿಗೆ ಮಂಡಿಯೂರಿದ, ಚಿತ್ರಕ್ಕೆ ದುಡ್ಡು ಕೊಟ್ಟ ಸಾಹುಕಾರ, ಸೊಂಟದಲ್ಲಿ ಕತ್ತಿ ಬೇರೆ.

"ಯೇಸು ಹುಟ್ಟಿದಾಗ ನೋಡೋಕೆ ಮೊದ್ಲು ಬಂದೋರು ಕುರಿ ಕಾಯೋರು. ನೋಡು, ಅವ್ರನ್ನ ಮೂಲೆಗೆ ತಳ್ಳಿದಾರೆ," ಎಂದಿದ್ದ.

"ನಾನಂತೂ ಹಂಗ್ ಮಾಡಲ್ಲಪ್ಪ," ಎಂದು ಇವಳು ಜಂಬ ಕೊಚ್ಚಿದ್ದಳು.

ಆಮೇಲೆ ಕುಣಿಗಲ್ ಕಡೆಯ ಒಂದು ದೇವಸ್ಥಾನದ ಟ್ರಸ್ಟಿನವರು ನರಸಿಂಹಸ್ವಾಮಿಯ ಚಿತ್ರ ಕೇಳಿದರು. ಪಾದದ ಬಳಿ ಕೈಮುಗಿದ ಭಕ್ತನಿಗಾಗಿ ಶಿವಮೂರ್ತಿಯ ತಂದೆ ಬೀರಯ್ಯ, ಹುತ್ರಿದುರ್ಗದಲ್ಲಿ ಕುರಿ ಮೇಯಿಸುವವರು, ಮಂಡಿನೋವು ನುಂಗಿಕೊಂಡು ಅವಳೆದುರು ಕೂತಿದ್ದರು. ಊರಿಗೆಲ್ಲ ಹೇಳಿಕೊಂಡು ಸಂಭ್ರಮಪಟ್ಟಿದ್ದರು.

ಈಗ ಶಿವಮೂರ್ತಿ ಮೇಜಿನ ಮೇಲಿನ ವೇಲ್ ಸರಿಸಿದ. ಭಕ್ತನ ಮುಖ ಟ್ರಸ್ಟಿನ ಅಧ್ಯಕ್ಷರದು.

"ಅಪ್ಪ ಎಲ್ಲಿ?"

"ಅಧ್ಯಕ್ಷರು ತಮ್ಮ ಮುಖಾನೇ ಬೇಕು ಅಂದ್ರು. ದೊಡ್ಡ ಆರ್ಡರ್ ಅಂತ ಆಸೆ ಬಿದ್ದು ನಿಮ್ಮಪ್ಪನ ಮುಖ ಉಜ್ಜಿ ಅಳಿಸಿ ಅವ್ರದ್ದು ಕೆತ್ತಿಬಿಟ್ಟೆ ಶಿವು. ತಪ್ಪಾಯ್ತು."

ಅವನು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಕೊನೆಗೆ ಅವನ ಬೆರಳು ಪ್ರಿಂಟಿನಲ್ಲಿ ಮುಗಿದಿದ್ದ ಕೈಗಳ ಹತ್ತಿರ ನಿಂತಿತು. ಸೊಟ್ಟ ಹೆಬ್ಬೆರಳು, ಒಡೆದ ಉಗುರು.

"ಇದು ಅಪ್ಪನ ಕೈ."

"ಅದನ್ನ ಅಳಿಸೋಕೆ ಮನಸ್ಸು ಬರ್ಲಿಲ್ಲ."

ಅವಳು ಉಳಿ ಎತ್ತಿಕೊಂಡು ತಗಡಿನಲ್ಲಿದ್ದ ಅಧ್ಯಕ್ಷರ ಮುಖದ ಮೇಲೆ ಅಡ್ಡಡ್ಡ ಗೀರಿದಳು, ಕೈಗಳಿಗೆ ತಾಗದ ಹಾಗೆ. ಆರ್ಡರ್ ಹೋಯಿತು. ಎದೆಯ ಭಾರ ಹೋಗಲಿಲ್ಲ.

"ಉಜ್ಜಿ ಉಜ್ಜಿ ತಗಡು ಸವೆದಿದೆ, ನಿಮ್ಮಪ್ಪನ ಮುಖ ಇದ್ರಲ್ಲಿ ಮತ್ತೆ ಬರಲ್ಲ. ಹೊಸ ತಗಡಲ್ಲಿ ಮೊದಲಿಂದ ಕೆತ್ತಬೇಕು. ಅವ್ರು ಇನ್ನೊಂದ್ಸಲ ಕೂರ್ತಾರಾ?"

"ಮಂಡಿ ನೋವು ಕಣವ್ವ ಅಂತಾರೆ." ಅವನು ಪ್ರಿಂಟನ್ನು ಮೇಜಿನ ಮೇಲಿಟ್ಟ. "ಆರ್ಟಿಸ್ಟ್ ಕರೆದ್ರೆ ಬರಲ್ಲ. ಸೊಸೆ ಕರೆದ್ರೆ ಬರ್ತಾರೆ."

ಅವಳ ಕಣ್ಣು ತುಂಬಿ ಬಂತು.

"ಸೊಸೆ ಅಂತ ಆಮೇಲೆ ಹೇಳು. ಮೊದ್ಲು ಅವ್ರ ಹತ್ರ ಬೈಸ್ಕೋತೀನಿ," ಎಂದಳು.

ಶಿವಮೂರ್ತಿ ಬೈಕಿನ ಕೀ ಕೈಗೆತ್ತಿಕೊಂಡ.