ಗೇರಿನ ಹಲ್ಲಿಗೆ ಕಟ್ಟಿದ ಕೂದಲು

“ಅದೊಂದನ್ನ ಬಿಟ್ಟುಬಿಡಿ, ಅಳಿಯಂದಿರೆ. ಶೆಡ್ಡಿನಲ್ಲಿ ಬೇರೆ ಏನು ಬೇಕಾದರೂ ಬಿಚ್ಚಿ. ಆ ಟ್ರ್ಯಾಕ್ಟರಿನ ಎಂಜಿನ್ ತಿರುಗಬಾರದು.”

“ತಿರುಗಿದರೆ ಏನಾಗುತ್ತೆ ಅತ್ತೆ? ಹೊಗೆ ಬರುತ್ತೆ, ಅಷ್ಟೇ ತಾನೆ?”

ಅತ್ತೆ ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದ ಮಗಳ ಕಡೆ ಒಮ್ಮೆ ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಒಳಗೆ ಹೋದರು.

“ಅಪ್ಪ ಇದ್ದಾಗಲೂ ಹೀಗೇ ರೀ, ನನ್ನನ್ನ ಅದರ ಹತ್ತಿರಕ್ಕೇ ಬಿಡ್ತಿರಲಿಲ್ಲ,” ಅಂದಳು ಹೆಂಡತಿ.

ಅವನಿಗೆ ಜನ ಇಟ್ಟ ಹೆಸರು ಬಿಚ್ಚಪ್ಪ. ಬೀಗವೋ, ಗಡಿಯಾರವೋ, ಹೊಲಿಗೆ ಮಷೀನೋ, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಜೋಡಿಸದಿದ್ದರೆ ತಿಂದದ್ದು ಅರಗದು. “ನನ್ನ ತಲೆಯಲ್ಲೊಂದು ನಟ್ಟು ಸಡಿಲ ಇದ್ದಿದ್ದಕ್ಕೇ ನಿಮ್ಮನ್ನ ಕಟ್ಕೊಂಡಿದ್ದು,” ಎಂದು ಹೆಂಡತಿ ಛೇಡಿಸುವುದಿತ್ತು. ಮಾವ ತೀರಿಕೊಂಡ ಮೇಲೆ ತನ್ನ ರಿಪೇರಿ ಅಂಗಡಿಯನ್ನು ಅವರ ಶೆಡ್ಡಿಗೇ ತಂದಿದ್ದ. ಅಲ್ಲಿ ಮೂಲೆಯಲ್ಲಿ, ಧೂಳು ಹೊದ್ದು, ತನ್ನನ್ನೇ ಕಾಯುತ್ತಿರುವಂತೆ ನಿಂತಿದ್ದ ಯಂತ್ರವನ್ನು ಬಿಟ್ಟುಬಿಡುವುದೆಂದರೇನು? ಅತ್ತೆ ತಮ್ಮನ ಮನೆಗೆ ಹೊರಟದ್ದೇ ತಡ, ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ. ಅವರು ಮರಳುವುದರೊಳಗೆ ಓಡಿಸಿ ತೋರಿಸಬೇಕು.

ಎಂಜಿನ್ ಕಚ್ಚಿಕೊಂಡಿತ್ತು. ಹ್ಯಾಂಡಲ್ಲಿಗೆ ಮೈಭಾರವನ್ನೆಲ್ಲ ಹಾಕಿದರೂ ಎಳ್ಳಷ್ಟೂ ಅಲುಗದು. ತುಕ್ಕು ಹಿಡಿದಿರಬೇಕು ಎಂದು ಮೇಲಿನ ಹೆಡ್ ಬಿಚ್ಚಿದರೆ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಪಿಸ್ಟನ್ನುಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದವು. ಬೇರಿಂಗುಗಳಲ್ಲಿ ಗೀರಿಲ್ಲ. ಎಲ್ಲ ಸರಿಯಾಗಿದೆ, ಆದರೂ ತಿರುಗುವುದಿಲ್ಲ. ಇನ್ನೊಬ್ಬ ಮೆಕಾನಿಕ್ ಆಗಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದ. ಬಿಚ್ಚಪ್ಪನಿಗೆ ಬಾಯಲ್ಲಿ ನೀರೂರಿತು. ಒಂದು ಮಾತ್ರ ವಿಚಿತ್ರ. ಬಸಿದು ತೆಗೆದ ಎಣ್ಣೆ ಎಂಜಿನ್ ಎಣ್ಣೆಯಂತೆ ನಾರುತ್ತಿರಲಿಲ್ಲ. ಎಳೆಮಗುವಿನ ನೆತ್ತಿಯ ವಾಸನೆ ಬರುತ್ತಿತ್ತು.

ಉಳಿದದ್ದು ಮುಂಭಾಗದ ಗೇರುಗಳು. ಡೀಸೆಲ್ ಪಂಪು ತಿರುಗಿಸುವ ಗೇರಿನ ಮುಂದೆ ಅಂಗೈಯಗಲದ ಮುಚ್ಚಳ. ಅದರ ಬೋಲ್ಟುಗಳ ತಲೆಯನ್ನು ಯಾರೋ ಬೇಕೆಂತಲೇ ಅರದಿಂದ ಉಜ್ಜಿ ಗುಂಡಗೆ ಮಾಡಿದ್ದರು. ಪಾನಾ ಜಾರುತ್ತಿತ್ತು. “ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ,” ಎಂದು ನಕ್ಕು, ಪ್ರತಿ ತಲೆಯ ಮೇಲೂ ಹೊಸ ನಟ್ಟು ವೆಲ್ಡ್ ಮಾಡಿ, ಅದನ್ನು ಹಿಡಿದು ತಿರುವಿದ. ಮುಚ್ಚಳ ಬಂತು.

ಎರಡು ಗೇರುಗಳ ಹಲ್ಲಿನ ನಡುವೆ, ಕಪ್ಪು ದಾರದಿಂದ ಬಿಗಿದ ಕೂದಲ ಕುಚ್ಚು. ಎಳೆಯ ಕೂದಲು. ಮುಟ್ಟಿದರೆ ಬೆಚ್ಚಗಿತ್ತು.

“ಇಷ್ಟೇನಾ!” ಇಕ್ಕಳದಿಂದ ಎಳೆದ. ಒಳಗೆಲ್ಲೋ ನಿಟ್ಟುಸಿರು ಬಿಟ್ಟ ಸದ್ದು. ಹರಿದ ಪ್ಯಾಕಿಂಗು, ಎಣ್ಣೆ ಒರೆಸಿದ ಬಟ್ಟೆ, ಎಲ್ಲವನ್ನೂ ಆಗಿಂದಾಗ್ಗೆ ಡಬ್ಬಿಯಲ್ಲಿ ಸುಡುವುದು ಅವನ ರೂಢಿ. ಅವುಗಳ ಜೊತೆಗೆ ಕೂದಲ ಕುಚ್ಚೂ ಹೋಯಿತು. ಕೂದಲು ಸುಟ್ಟ ಕಮಟು ಶೆಡ್ಡು ತುಂಬಿತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಮರುಜೋಡಣೆ ಮುಗಿಸಿ, ವಾಲ್ವುಗಳ ಸಂದು ಅಳೆಯಲು ಎಂಜಿನನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದ. ಹೆಂಡತಿ ಬಂದಳು.

“ರೀ, ಬೆರಳು ಮಡಚೋಕೇ ಆಗ್ತಿಲ್ಲ. ಮಂಡಿನೂ ಹಿಡ್ಕೊಂಡಿದೆ.”

“ನಿನಗೂ ಗ್ರೀಸ್ ಹಾಕ್ಬೇಕು, ಬಾ ಇಲ್ಲಿ.”

ಅವಳು ನಕ್ಕಳು. ಅರ್ಧ ಮುಖ ಮಾತ್ರ ನಕ್ಕಿತು. ಅವನು ಅದನ್ನು ಕಂಡ. ಕಂಡೂ, ಇನ್ನೊಂದೇ ವಾಲ್ವು ಉಳಿದಿದೆ ಎಂದು ಮತ್ತೆ ಬಗ್ಗಿದ.

ಮಧ್ಯಾಹ್ನ ಹ್ಯಾಂಡಲ್ ಬೀಸಿದ. ಮೊದಲ ಬೀಸಿಗೇ ಎಂಜಿನ್ ಗುಡುಗಿತು. “ಕೇಳಿಸ್ತಾ?” ಎಂದು ಕೇಕೆ ಹಾಕಿ ತಿರುಗಿದ.

ಹೆಂಡತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೊಂಬು ವಾಲಿತ್ತು. ನೀರು ಸುರಿಯುತ್ತಿತ್ತು. ಖಾಲಿಯಾಯಿತು. ಅವಳು ಹಾಗೇ ನಿಂತಿದ್ದಳು. ನೊಣವೊಂದು ಬಂದು ಅವಳ ಕಣ್ಣುಗುಡ್ಡೆಯ ಮೇಲೆ ಕೂತಿತು. ರೆಪ್ಪೆ ಮಿಟುಕಲಿಲ್ಲ.

ನಿಲ್ಲಿಸುವ ತಂತಿ ಎಳೆದ. ಎಂಜಿನ್ ನಿಲ್ಲಲಿಲ್ಲ. ಡೀಸೆಲ್ ಬರುವ ನಲ್ಲಿಯನ್ನು ಮುಚ್ಚಿದ. ನಿಲ್ಲಲಿಲ್ಲ. ಪೈಪನ್ನೇ ಕಿತ್ತ. ಹನಿ ಡೀಸೆಲ್ ಇಲ್ಲದೆ ಅದು ಓಡುತ್ತಲೇ ಇತ್ತು.

ತಮ್ಮನ ಮನೆಯಿಂದ ಮರಳಿದ ಅತ್ತೆ ಸದ್ದಿಗೆ ಗೇಟಿನಿಂದಲೇ ಓಡಿ ಬಂದರು. ಮಗಳನ್ನು ಕಂಡರು, ಚೀಲ ಕೈಬಿಟ್ಟರು. ಅಳಿಯನನ್ನು ಶೆಡ್ಡಿನ ಮೂಲೆಗೆ ಎಳೆದು ಕಿವಿಗೆ ಬಾಯಿಟ್ಟರು.

“ಇವಳ ಚಿಕ್ಕಪ್ಪ ಮಾಟ ಮಾಡಿಸಿದ್ದ. ಟ್ರ್ಯಾಕ್ಟರ್ ಅಣ್ಣನ ಪಾಲಾಯ್ತಲ್ಲ ಅನ್ನೋ ಹೊಟ್ಟೆಕಿಚ್ಚು. ಇವಳಾಗ ಎಳೆಮಗು. ಎಂಜಿನ್ ತಿರುಗಿದರೆ ಮಗು ಕಲ್ಲು. ಮಗುವಿನ ಕೂದಲು ಗೇರಿಗೆ ಕಟ್ಟಿ ಅದನ್ನ ಕಚ್ಚಿಸಿದ ಮೇಲೇ ಇವಳಿಗೆ ಉಸಿರು ಬಂದಿದ್ದು. ಕೂದಲೆಲ್ಲಿ?”

“ಸುಟ್ಟೆ.”

ಅತ್ತೆ ಎದೆ ಹಿಡಿದುಕೊಂಡರು.

“ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?”

“ವಿಷಯ ಇವಳ ಕಿವಿಗೆ ಬಿದ್ದರೂ ಕಟ್ಟು ಬಿಚ್ಚುತ್ತೆ. ನಿಮ್ಮ ಬಾಯಿಗೆ ಮುಚ್ಚಳ ಎಲ್ಲಿದೆ? ನಗೆಯಾಡ್ತಾ ಅವಳ ಮುಂದೆಯೇ ಅಂದುಬಿಡ್ತೀರಿ ಅಂತ ಹೆದರಿದೆ. ಇನ್ನೊಂದು ಸಲ ಕಟ್ಟಬಹುದು. ಅದೇ ಕೊನೆ. ಆಮೇಲೆ ಹಿಡಿಯಲ್ಲ.”

ತಗಡಿನ ಕತ್ತರಿಯಿಂದ ಹೆಂಡತಿಯ ಜಡೆಯ ತುದಿ ಕತ್ತರಿಸಿದ. ಜಡೆ ತಣ್ಣಗಿತ್ತು. ಅತ್ತೆ ಸೆರಗಿನ ದಾರ ಕಿತ್ತು ಬಿಗಿದರು. ಅವನು ಗೇರಿನ ಮುಚ್ಚಳ ತೆಗೆದ. ಬಿಸಿ ಎಣ್ಣೆ ಮುಖಕ್ಕೆ ರಾಚಿತು. ಇಕ್ಕಳದಲ್ಲಿ ಕೂದಲು ಹಿಡಿದು ಒಳಗಿಟ್ಟ. ಗೇರು ಇಕ್ಕಳವನ್ನು ಉಗಿಯಿತು. ಮತ್ತೆ ಇಟ್ಟ. ಮತ್ತೆ ಉಗಿಯಿತು. ಹೆಂಡತಿಯ ತುಟಿ ನೀಲಿಯಾಗುತ್ತಿತ್ತು.

ಕೂದಲನ್ನು ಬೆರಳಿಗೆ ಸುತ್ತಿಕೊಂಡ. ಕಣ್ಣು ಮುಚ್ಚಿದ. ಕೈ ಒಳಗಿಟ್ಟ.

ಎಂಜಿನ್ ನಿಂತಿತು. ತಾನು ಕಿರುಚುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಆಮೇಲೆ.

“ರೀ!” ಬಾಗಿಲಲ್ಲಿ ಚೊಂಬು ಬಿತ್ತು. ಅವಳು ಓಡಿ ಬಂದಳು. ಅವಳ ಮುಖಕ್ಕೆ ರಕ್ತ ಮರಳಿತ್ತು, ಕಣ್ಣಲ್ಲಿ ನೀರಿತ್ತು. ಆ ನೋವಿನಲ್ಲೂ ಅವನಿಗೆ ನಗು ಬಂತು. ಅವಳ ಕಣ್ಣು ಗೇರಿನ ಹಲ್ಲಿಗೆ ಸಿಕ್ಕಿದ್ದ ಅವನ ಕೈಯ ಮೇಲೆ ಬಿತ್ತು. ಎಂಜಿನ್ ತಿರುಗಿಸಲು ನೇರ ಫ್ಯಾನ್ ಬೆಲ್ಟಿಗೆ ಕೈ ಹಾಕಿದಳು.

“ಬೇಡ! ಮುಟ್ಟಬೇಡ ಕಣೆ!”

“ಯಾಕೆ?”

ಅವನ ಬಾಯಿ ತೆರೆಯಿತು. ಅತ್ತೆಯ ಬಾಯಿಯೂ ತೆರೆಯಿತು. ಕಾರಣ ಹೇಳಿದರೂ ಕಟ್ಟು ಬಿಚ್ಚುತ್ತದೆ.

“ಕೈ ಹೋದರೆ ಹೋಗಲಿ. ಗರಗಸ ತಗೊಂಡು ಬಾ. ನನ್ನ ಮಾತು ಕೇಳೇ, ಗರಗಸ ತಾ.”

“ನೋವಿಗೆ ಏನೇನೋ ಬಡಬಡಿಸ್ತಿದ್ದೀರಿ.” ಅತ್ತೆ ಸೊಂಟ ಹಿಡಿದು ಎಳೆದರು. “ಅಮ್ಮಾ ಬಿಡು, ನಿನಗೇನು ಹುಚ್ಚಾ?” ಕೊಡವಿಕೊಂಡಳು. “ನಾನೂ ಮೆಕಾನಿಕ್ ಹೆಂಡತಿ ರೀ. ಹಿಂದಕ್ಕೆ ಒಂಚೂರು ತಿರುಗಿಸಿದರೆ ಸಾಕು, ಕೈ ತಾನಾಗೇ ಬರುತ್ತೆ.”

ಚಕ್ರದ ಅಚ್ಚಿಗೆ ಕಾಲು ಕೊಟ್ಟಳು. ಹಲ್ಲು ಕಚ್ಚಿದಳು. ಎಳೆದಳು.

ಗೇರಿನ ಹಲ್ಲುಗಳು ಬಾಯಿ ಬಿಟ್ಟವು. ಅವನ ಕೈ ಈಚೆ ಬಂತು. ಬೆರಳಿಗೆ ಸುತ್ತಿಕೊಂಡು ಕೂದಲೂ ಬಂತು.

“ಬಂತಾ ರೀ?” ಎಂದು ಕೇಳಲು ತೆರೆದ ಅವಳ ಬಾಯಿ ತೆರೆದೇ ಉಳಿಯಿತು.