ವೈವಾ ದಿನದ ಖಾಲಿ ಫೋಲ್ಡರ್

ಫೋಲ್ಡರ್ ಇತ್ತು. ಅದರೊಳಗೆ ಏನೂ ಇರಲಿಲ್ಲ.

ಸಿಸ್ಟರ್ ಅದನ್ನು ಮುಚ್ಚಿ ಮತ್ತೆ ತೆರೆದಳು. ಪರದೆಯ ಮೇಲೆ ಬಿಳಿ ಜಾಗ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಧ್ಯಾಹ್ನ ಅವಳ ಥೀಸಿಸ್‌ನ ವೈವಾ, ಅಂದರೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಆಗಲೇ ಅತಿಥಿ ಕೋಣೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು.

"ಸರ್, ನನ್ನ ಪ್ರೋಗ್ರಾಂ ಇಲ್ಲ," ಎಂದಳು ನನಗೆ. ದನಿ ಏರಲಿಲ್ಲ. ಹತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಅದಕ್ಕೇ ನಮಗೆಲ್ಲ ಸಿಸ್ಟರ್; ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವುದು ಅಭ್ಯಾಸವಾಗಿ ಹೋಗಿತ್ತು.

ನಾನು ಕಂಪ್ಯೂಟರ್ ಸೈನ್ಸ್ ವಿಭಾಗದ ಕಿರಿಯ ಉಪನ್ಯಾಸಕ. ಇಂಥ ಹೊತ್ತಿನಲ್ಲಿ ನನಗೆ ತಿಳಿದಿರುವುದು ಒಂದೇ ಉಪಾಯ: ಕಂಪೈಲರಮ್ಮನನ್ನು ಕರೆಯುವುದು.

ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಎಷ್ಟನೆಯ ಸಾಲು ಎಂಬುದರ ಸಮೇತ ಮುಖದ ಮೇಲೆ ಹೇಳುವ ಸಾಧನ. ಅದನ್ನು ಪಾಠ ಮಾಡುವ ಹಿರಿಯ ಪ್ರಾಧ್ಯಾಪಕಿಯ ಸ್ವಭಾವವೂ ಅದೇ. ವಿಭಾಗದ ಪರೀಕ್ಷಾ ಸಮಿತಿಗೆ ಅವರೇ ಮುಖ್ಯಸ್ಥೆ. ಬಂದರು, ಖಾಲಿ ಫೋಲ್ಡರ್ ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು.

"ಮನೆಯಲ್ಲಿ ಇನ್ನೊಂದು ಪ್ರತಿ ಇಲ್ವಾ?" ಎಂದು ನಾನು ಕೇಳಿದೆ.

"ಇದೆ ಸರ್. ಅದು ನಡೆಯುತ್ತಾ?"

"ನಡೆಯಲ್ಲ," ಎಂದರು ಕಂಪೈಲರಮ್ಮ.

ನಮ್ಮಲ್ಲಿ ಎಂ.ಎಸ್ಸಿ.ಗೆ ಎರಡು ದಾರಿ. ಹೆಚ್ಚಿನ ಪತ್ರಿಕೆ ತೆಗೆದುಕೊಂಡು ಪರೀಕ್ಷೆ ಬರೆದು ಮುಗಿಸುವುದು ಒಂದು. ಥೀಸಿಸ್ ಬರೆಯುವುದು ಇನ್ನೊಂದು. ಥೀಸಿಸ್ ಆರಿಸಿಕೊಂಡವರು ತಮ್ಮ ಪ್ರೋಗ್ರಾಮನ್ನು ವಿಭಾಗದ ಸರ್ವರ್‌ನಲ್ಲಿಟ್ಟು ಸೀಲ್ ಮಾಡಿಸಬೇಕು. ಸೀಲ್ ಎಂದರೆ ಅರಗು ಮುದ್ರೆಯಲ್ಲ, ಒಂದು ನಿಯಮ ಅಷ್ಟೆ: ಆ ದಿನದ ನಂತರ ಯಾರೂ ಅದನ್ನು ಮುಟ್ಟಬಾರದು. ಮುಟ್ಟಿದರೆ ಫೈಲಿನ ಮೇಲೆ ಹೊಸ ತಾರೀಖು ಕೂರುತ್ತದೆ, ಥೀಸಿಸ್ ರದ್ದಾಗುತ್ತದೆ. ಮನೆಯ ಪ್ರತಿಗೆ ಬೆಲೆಯಿಲ್ಲ.

ಅಂದು ತಿಂಗಳ ಕೊನೆಯ ದಿನ, ಸೋಮವಾರ. ವೈವಾಗೂ ಅದೇ ಕೊನೆಯ ದಿನ. ತಪ್ಪಿದವರು ತಾವಾಗಿಯೇ ಮೊದಲ ದಾರಿಗೆ ಬೀಳುತ್ತಾರೆ. ಪದವಿ ಹೇಗೂ ಸಿಗುತ್ತದೆ. ಆದರೆ ಈ ವರ್ಷ ಇರುವ ಒಂದೇ ಒಂದು ಸಂಶೋಧನಾ ಸೀಟು ಥೀಸಿಸ್ ಮಾಡಿದವರಿಗೆ ಮಾತ್ರ. ಅದನ್ನು ನಂಬಿಕೊಂಡು ಸಿಸ್ಟರ್ ಆಸ್ಪತ್ರೆಯ ಕೆಲಸ ಬಿಟ್ಟಿದ್ದಳು. ಬೇರೆ ವಿಷಯದಿಂದ ಬಂದವಳೆಂದು ಹೇರಿದ ಪೂರ್ವಸಿದ್ಧತೆಯ ಪತ್ರಿಕೆಗಳನ್ನೆಲ್ಲ ಮಕ್ಕಳ ವಯಸ್ಸಿನವರ ಜೊತೆ ಕುಳಿತು ಪಾಸು ಮಾಡಿದ್ದಳು.

"ಈ ಫೋಲ್ಡರಿಗೆ ಕೈ ಹಾಕಬಲ್ಲವರು ಯಾರ್‍ಯಾರು?" ಕಂಪೈಲರಮ್ಮ ಕೇಳಿದರು.

"ನಾನು, ಗೈಡ್ ಸರ್, ಸರ್ವರಣ್ಣ, ಗಡ್ಡ. ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್."

"ಅಂದ್ರೆ ಯಾರು ಅಳಿಸಿದ್ದು ಅಂತ ಸರ್ವರ್ ಹೇಳಲ್ಲ."

"ಲ್ಯಾಬ್ ಅಳಿಸಿತು ಅಂತ ಹೇಳುತ್ತೆ," ಎಂದೆ ನಾನು. ಯಾರೂ ನಗಲಿಲ್ಲ.

ಮೊದಲು ಗಡ್ಡ. ಸಿಸ್ಟರ್ ಜೊತೆಗೇ ಥೀಸಿಸ್ ಮಾಡಿದ ಹುಡುಗ. ಅವನ ವೈವಾ ಹಿಂದಿನ ವಾರವೇ ಮುಗಿದಿತ್ತು. ಸೀಟಿನ ಮೇಲೆ ಅವನ ಕಣ್ಣೂ ಇತ್ತು. ಎಲ್ಲರ ಅನುಮಾನ ತನ್ನ ಮೇಲೇ ಎಂದು ಗೊತ್ತಿದ್ದರಿಂದ ಬರುವಾಗಲೇ ಮುಖ ಗಂಟು ಹಾಕಿಕೊಂಡಿದ್ದ.

"ಬೆಳಿಗ್ಗೆ ಮೊದಲು ಬಂದಿದ್ದು ಯಾರು?"

"ನಾನೇ ಮೇಡಂ."

"ಬಂದು ಏನು ಮಾಡಿದೆ?"

"ಲೋಟ ತೊಳೆದೆ. ಸೋಮವಾರ ಅಲ್ವಾ? ಶನಿವಾರ ತೊಳೆದವನೂ ನಾನೇ, ಸೋಮವಾರ ತೊಳೆಯೋನೂ ನಾನೇ. ಅವರ ಪ್ರೋಗ್ರಾಮಿಗೆ ನನ್ನ ಕಂಡ್ರೆ ಆಗಲ್ಲ."

ಇದಕ್ಕೊಂದು ಹಿನ್ನೆಲೆ ಬೇಕು. ಸಿಸ್ಟರ್‌ಳ ಪ್ರೋಗ್ರಾಂ ನರ್ಸುಗಳಿಗೆ ಪಾಳಿ ಹಂಚುವಂಥದ್ದು. ಅವಳ ಹಳೆಯ ವಾರ್ಡಿನಲ್ಲಿ ಅದರ ಒಂದು ಪ್ರತಿ ಎರಡು ತಿಂಗಳಿಂದ ಪ್ರಯೋಗಕ್ಕೆ ನಡೆಯುತ್ತಿತ್ತು; ಅಲ್ಲಿ ಪ್ರತಿ ತಿಂಗಳಿಗೊಂದು ಹೊಸ ಸರದಿ. ಲ್ಯಾಬಿನಲ್ಲಿ ಟೀ ಲೋಟ ತೊಳೆಯುವ ಸರದಿಯನ್ನೂ ತಮಾಷೆಗೆ ಅದಕ್ಕೇ ವಹಿಸಿದ್ದರು. ಪ್ರತಿ ಸೋಮವಾರ ಬೆಳಗಾಗುವ ಮೊದಲು ಸರ್ವರ್‌ನಲ್ಲಿದ್ದ ಪ್ರೋಗ್ರಾಂ ತಾನಾಗಿ ಓಡಿ, ಬಾಗಿಲ ಬಳಿಯ ಪರದೆಯಲ್ಲಿ ವಾರದ ಸರದಿ ತೋರಿಸುತ್ತಿತ್ತು. ಗಡ್ಡ ಅದನ್ನು ನೋಡುವುದನ್ನೇ ಬಿಟ್ಟಿದ್ದ. ನೋಡಿ ಆಗಬೇಕಾದದ್ದೇನು?

"ಹಾಗಾದ್ರೆ ಕೋಪ ಇತ್ತು ಅನ್ನು."

"ಕೋಪ ಇತ್ತು. ಅದಕ್ಕೆ ಅವರ ಎರಡು ವರ್ಷದ ಕೆಲಸ ಅಳಿಸ್ತೀನಾ? ಲೋಟ ತೊಳೆಯದೆ ಇರ್ತಿದ್ದೆ ಅಷ್ಟೆ."

ಎರಡನೆಯವನು ಸರ್ವರಣ್ಣ. ಸರ್ವರ್ ನೋಡಿಕೊಳ್ಳುವ ತಂತ್ರಜ್ಞ. ಜಾಗ ತುಂಬಿಸುತ್ತೀರಿ ಎಂದು ಸಿಸ್ಟರ್ ಜೊತೆ ಹೋದ ತಿಂಗಳು ಜಗಳವಾಡಿದ್ದ.

"ನಿಮಗೂ ಅವರಿಗೂ ಆಗಿಬರಲ್ಲ ಅಂತೆ?"

"ನನಗೆ ಯಾರ ಜೊತೆಗೂ ಆಗಿಬರಲ್ಲ ಮೇಡಂ. ಒಂದೇ ಪಾಸ್‌ವರ್ಡ್ ಇಟ್ಕೋಬೇಡಿ ಅಂತ ಬಾಯಿ ಬಡ್ಕೊಂಡೆ. ಕೇಳಿದ್ರಾ?"

"ಬೆಳಿಗ್ಗೆ ಲ್ಯಾಬಿಗೆ ಬಂದಿದ್ರಾ?"

"ಬಂದಿದ್ದೆ. ಲೋಟ ತೊಳೆಯೋಣ ಅಂತ. ಯಾರೋ ಪುಣ್ಯಾತ್ಮರು ಆಗಲೇ ತೊಳೆದಿಟ್ಟಿದ್ರು. ಸೀದಾ ನನ್ನ ಕೋಣೆಗೆ ಹೋದೆ."

"ಆಮೇಲೆ?"

"ಆಮೇಲೆ ನೀವು ಕರೆದ್ರಿ."

ನಾನು ನನ್ನ ಮನಸ್ಸಿನಲ್ಲಿ ಗಡ್ಡನನ್ನು ಆಗಲೇ ಜೈಲಿಗೆ ಹಾಕಿಯಾಗಿತ್ತು. ಹೆಚ್ಚು ಹೊತ್ತು ಯೋಚಿಸುವುದು ನನ್ನ ಅಭ್ಯಾಸವಲ್ಲ.

ಮೂರನೆಯವರು ಗೈಡ್, ಸಿಸ್ಟರ್ ಥೀಸಿಸ್‌ನ ಮಾರ್ಗದರ್ಶಕರು; ತಮ್ಮ ಕೋಣೆಯಲ್ಲಿದ್ದರು. ಮೇಜಿನ ಮೇಲೆ ಸಿಸ್ಟರ್‌ಳ ಥೀಸಿಸ್, ಪಕ್ಕದಲ್ಲಿ ಅವರ ಫ್ಲಾಸ್ಕ್. ನಮಗೂ ಟೀ ಬಗ್ಗಿಸಿದರು.

"ಮನೆಯದು. ಲ್ಯಾಬಿನ ಟೀ ಕಡೆಗೆ ನಾನು ತಲೆ ಹಾಕಿಯೂ ಮಲಗಲ್ಲ." ಆಮೇಲೆ ನಿಟ್ಟುಸಿರು ಬಿಟ್ಟರು. "ಪಾಪ, ಒಳ್ಳೆ ಹೆಂಗಸು. ಆದ್ರೂ ಮುಳುಗಿಹೋಗೋದೇನಿದೆ? ಪತ್ರಿಕೆಗಳ ದಾರಿ ಹಿಡೀಲಿ. ಪದವಿ ಪದವಿಯೇ."

"ಸೀಟು ಹೋಗುತ್ತಲ್ಲ?" ಕಂಪೈಲರಮ್ಮ ಕೇಳಿದರು.

"ಎಲ್ಲರೂ ಸಂಶೋಧನೆ ಮಾಡಲೇಬೇಕು ಅಂತಿದ್ಯಾ?"

"ಪ್ರೋಗ್ರಾಂ ಚೆನ್ನಾಗಿತ್ತಾ?"

"ಪರೀಕ್ಷೆ ಮಾಡಿದ್ದೀನಿ ಅಂತ ನಾನೇ ಸಹಿ ಹಾಕಿದ್ದೀನಲ್ಲ."

"ನೀವೇ ಓಡಿಸಿ ನೋಡಿದ್ರಾ?"

"ನೋಡದೆ ಸಹಿ ಹಾಕ್ತಾರಾ?"

ಕಂಪೈಲರಮ್ಮ ಟೀ ಮುಟ್ಟಲಿಲ್ಲ. ಎದ್ದು ಹೊರಗೆ ಬಂದರು. ಕಾರಿಡಾರಿನಲ್ಲಿ ನಡೆಯುತ್ತ ಕೇಳಿದರು:

"ಇವತ್ತು ಲೋಟ ತೊಳೆಯೋ ಸರದಿ ಯಾರದು?"

"ಗಡ್ಡನದು."

"ಸರ್ವರಣ್ಣ ಯಾಕೆ ತೊಳೆಯೋಕೆ ಬಂದ?"

ನಾನು ನಿಂತುಬಿಟ್ಟೆ. ಇಬ್ಬರ ಮಾತೂ ನನ್ನ ಎರಡೂ ಕಿವಿಯ ಮೇಲೆ ಬಿದ್ದಿತ್ತು. ಒಂದೇ ದಿನಕ್ಕೆ ಇಬ್ಬರು ಯಾಕೆ ಎಂದು ನನಗೆ ಹೊಳೆದಿರಲೇ ಇಲ್ಲ.

"ಎಲ್ಲರನ್ನೂ ಗೈಡ್ ಕೋಣೆಗೆ ಕರೀರಿ," ಎಂದರು.

ಸಣ್ಣ ಕೋಣೆ. ಸಿಸ್ಟರ್ ಕಿಟಕಿಯ ಪಕ್ಕ ನಿಂತಳು. ಗಡ್ಡ ಮತ್ತು ಸರ್ವರಣ್ಣ ಬಾಗಿಲಿಗೆ ಒರಗಿದರು.

"ಸರ್ವರಣ್ಣ, ಇವತ್ತು ನಿಮ್ಮ ಸರದಿ ಅಂತ ಯಾರು ಹೇಳಿದ್ರು?"

"ಬಾಗಿಲ ಪರದೆ. ನನಗೂ ಆಶ್ಚರ್ಯ ಆಯ್ತು. ಸೋಮವಾರ ಯಾವಾಗಲೂ ಇವನದ್ದೇ ತಾನೆ?"

"ನಾನು ಪರದೆ ನೋಡಲೇ ಇಲ್ಲ," ಎಂದ ಗಡ್ಡ. ಸುಮ್ಮನೆ ತೊಳೆದುಬಿಟ್ಟೆನಲ್ಲ ಎಂಬ ಸಂಕಟ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು.

"ವಾರ ಮುಗಿಸಿದವನನ್ನೇ ಮರುವಾರದ ಮೊದಲ ದಿನಕ್ಕೂ ಹಾಕೋದು ಆ ಪ್ರೋಗ್ರಾಮಿನ ಚಾಳಿ," ಕಂಪೈಲರಮ್ಮ ಹೇಳಿದರು. "ಯಾಕೆ? ಹೊಸ ಸರದಿ ಶುರು ಮಾಡುವಾಗ ಹಿಂದಿನದರ ಕೊನೆಯ ದಿನ ಯಾರಿದ್ದರು ಅಂತ ಅದು ತಿರುಗಿ ನೋಡಲ್ಲ. ಅದು ತಪ್ಪು. ಪ್ರತಿ ವಾರ ನಡೀತಿದ್ದ ತಪ್ಪು ಇವತ್ತು ಬೆಳಿಗ್ಗೆ ಇರಲಿಲ್ಲ. ಪ್ರೋಗ್ರಾಂ ತಾನಾಗಿ ಬುದ್ಧಿ ಕಲೀತಾ?"

ಕಂಪೈಲರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಭಾನುವಾರ ಯಾರೋ ತಿದ್ದಿದ್ದಾರೆ. ಇವತ್ತು ಬೆಳಗಿನ ಜಾವ ಓಡಿದ್ದು ಆ ತಿದ್ದಿದ ಪ್ರೋಗ್ರಾಮೇ. ಆಮೇಲೆ ಅದನ್ನ ಅಳಿಸಿದ್ದಾರೆ. ತಿದ್ದಿದವರು ಯಾರು? ಗಡ್ಡ ಅಲ್ಲ. ತಿದ್ದಿದವನಾಗಿದ್ದರೆ ಬಿಡುಗಡೆಯಾದ ದಿನವೇ ಬಂದು ಲೋಟ ತೊಳೀತಿರಲಿಲ್ಲ. ಸರ್ವರಣ್ಣ ಅಲ್ಲ. ಅವರಿಗೆ ಫೈಲಿನ ತಾರೀಖು ಬದಲಿಸೋದೂ ಗೊತ್ತು. ಅಳಿಸೋ ಅಗತ್ಯವೇ ಬೀಳ್ತಿರಲಿಲ್ಲ. ಸಿಸ್ಟರ್‌ಗೆ ಇಂಥ ತಪ್ಪಿದೆ ಅಂತಲೇ ಗೊತ್ತಿಲ್ಲ. ಅವಳ ಮುಖ ನೋಡಿ."

ಸಿಸ್ಟರ್ ಮುಖ ಬಿಳಿಚಿಕೊಂಡಿತ್ತು.

"ಉಳಿದವರು ಒಬ್ಬರೇ. ಲ್ಯಾಬಿನ ಟೀ ಕುಡಿಯದವರು. ಅದೇ ಪ್ರೋಗ್ರಾಂ ಬಾಗಿಲಲ್ಲಿ ಲೋಟದ ಸರದಿ ಹೇಳುತ್ತೆ ಅಂತ ಗೊತ್ತಿಲ್ಲದವರು. ನಿನ್ನೆ ಮೊದಲ ಸಲ ಓಡಿಸಿದ್ರಿ, ಅಲ್ವಾ?"

ಗೈಡ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕುಳಿತಿದ್ದರು. "ಪರೀಕ್ಷಕರು ಏನು ಕೇಳಬಹುದು ಅಂತ ನೋಡೋಣ ಅಂತ ಓಡಿಸಿದೆ," ಎಂದರು ಕೊನೆಗೆ. "ಕೈ ಸುಮ್ಮನಿರಲಿಲ್ಲ. ಎರಡು ಸಾಲು ಅಷ್ಟೆ, ತಿದ್ದಿದೆ. ಬೆಳಿಗ್ಗೆ ನೋಡಿದ್ರೆ ಹೊಸ ತಾರೀಖು ಕೂತಿತ್ತು. ಸೀಲ್ ಆದ ಮೇಲೆ ತಿದ್ದಿದ್ದು ಅವಳ ತಲೆಗೆ ಬರ್ತಿತ್ತು. ಅವಳಿಗೋಸ್ಕರವೇ ಅಳಿಸಿದ್ದು."

"ತಿದ್ದೋ ಮೊದಲು ಹಳೆಯ ಪ್ರತಿ ಎತ್ತಿಟ್ಟಿರ್ತೀರಿ. ಎತ್ತಿಡದೆ ನಮ್ಮಲ್ಲಿ ಯಾರೂ ಪ್ರೋಗ್ರಾಂ ಮುಟ್ಟಲ್ಲ."

ಗೈಡ್ ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಹಳೇ ತಾರೀಖಿನ ಸಮೇತ ಇದೆಯಲ್ಲ? ಅದನ್ನೇ ವಾಪಸ್ ಇಟ್ಟಿದ್ರೆ ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ. ಯಾಕೆ ಇಡಲಿಲ್ಲ?"

ಗೈಡ್ ತಲೆ ತಗ್ಗಿಸಿದರು.

"ನಾನು ಹೇಳ್ತೀನಿ. ಇಟ್ಟಿದ್ರೆ ಪರೀಕ್ಷಕರ ಎದುರು ತಪ್ಪು ಬಯಲಾಗ್ತಿತ್ತು. ಓಡಿಸಿ ನೋಡದೆ ಸಹಿ ಹಾಕಿದ್ದು ಗೊತ್ತಾಗ್ತಿತ್ತು. ಅವಳ ಸೀಟಿಗಿಂತ ನಿಮ್ಮ ಸಹಿ ದೊಡ್ಡದಾಯ್ತು." ಕಂಪೈಲರಮ್ಮ ಸಿಸ್ಟರ್ ಕಡೆ ತಿರುಗಿದರು. "ಇದು ಸರ್ವರ್‌ನಿಂದಲೇ ಎತ್ತಿದ ಪ್ರತಿ. ಸೀಲ್ ಆದ ದಿನದ್ದೇ ತಾರೀಖು ಇದ್ರೆ ಸಮಿತಿ ಇದನ್ನ ಒಪ್ಪುತ್ತೆ. ತಪ್ಪಿನ ಸಮೇತ ಒಳಗೆ ಹೋಗ್ಬೇಕು. ಹೋಗ್ತೀಯಾ?"

ಸಿಸ್ಟರ್ ಗೈಡ್ ಹತ್ತಿರ ಬಂದು ನಿಂತಳು.

"ಸರ್, ಆಸ್ಪತ್ರೆಯಲ್ಲಿ ಓಡ್ತಿರೋದನ್ನ ತಿದ್ದಿದ್ರಾ?"

"ಅದು... ಅದು ನೆನಪಿಗೆ ಬರಲಿಲ್ಲ."

ಅವಳು ಅಲ್ಲೇ ಫೋನ್ ತೆಗೆದು ತನ್ನ ಹಳೆಯ ವಾರ್ಡಿನ ಹಿರಿಯ ನರ್ಸಿಗೆ ಕರೆ ಮಾಡಿದಳು. ವೈವಾ ನಡೆಯುವ ಹಾಲ್‌ನಿಂದ ಜವಾನ ಬಂದು ಪರೀಕ್ಷಕರು ಕರೆಯುತ್ತಿದ್ದಾರೆ ಎಂದ. ಅವಳು ಕೈ ಎತ್ತಿ ತಡೆದಳು.

"ಅಕ್ಕಾ, ನಾನು. ಇವತ್ತು ರಾತ್ರಿ ಪಾಳಿ ಯಾರದು? ... ನಾಳೆ ಬೆಳಿಗ್ಗೆ ಕಂಪ್ಯೂಟರ್ ಯಾರನ್ನ ಹಾಕಿದೆ? ... ಅವಳನ್ನೇನಾ? ಬೇಡಕ್ಕ, ರಾತ್ರಿಯೆಲ್ಲ ನಿಂತವಳನ್ನ ಬೆಳಿಗ್ಗೆ ಮನೆಗೆ ಕಳಿಸಿ. ತಪ್ಪು ನನ್ನದು. ... ಹೋದ ತಿಂಗಳೂ ಹೀಗೇ ಆಯ್ತಾ? ಒಂದು ಮಾತು ಹೇಳಬಾರದಿತ್ತಾ?"

ಆ ಕಡೆಯ ಮಾತನ್ನು ಬಹಳ ಹೊತ್ತು ಕೇಳಿದಳು. ಫೋನ್ ಇಟ್ಟಾಗ ಕಣ್ಣು ತುಂಬಿತ್ತು.

"ಕಂಪ್ಯೂಟರ್ ಹಾಕಿದ್ದು, ಸರಿಯೇ ಇರುತ್ತೆ ಅಂತ ಹೋದ ತಿಂಗಳು ಒಬ್ಬ ಹುಡುಗಿ ರಾತ್ರಿ, ಬೆಳಿಗ್ಗೆ ಎರಡೂ ಪಾಳಿ ಸುಮ್ಮನೆ ನಿಂತಳಂತೆ," ಎಂದಳು. "ನನ್ನನ್ನೂ ಹೀಗೇ ನಿಲ್ಲಿಸ್ತಿದ್ರು ಮೇಡಂ. ಅದಕ್ಕೇ ನಾನು ಓದೋಕೆ ಬಂದಿದ್ದು."

ಗಡ್ಡ ನೆಲ ನೋಡುತ್ತಿದ್ದ.

ಅವಳು ಮುಖ ತೊಳೆದುಕೊಂಡು ಬಂದು, ಪೆನ್ ಡ್ರೈವ್ ಎತ್ತಿಕೊಂಡು ಹಾಲ್‌ಗೆ ನಡೆದಳು. ಪರೀಕ್ಷಕರು ಕುಳಿತುಕೊಳ್ಳಿ ಎಂದರು. ಅವಳು ಕುಳಿತುಕೊಳ್ಳಲಿಲ್ಲ.

"ಮೊದಲು ಇದರಲ್ಲಿರೋ ತಪ್ಪು ಹೇಳ್ತೀನಿ ಸರ್," ಎಂದಳು. "ಉಳಿದದ್ದನ್ನ ಆಮೇಲೆ ಕೇಳಿ."