ಕಾದಂಬರಿ ಕೊಟ್ಟು ಕೈತೊಳೆದುಕೊಂಡೆಯಾ?

"ತಗೋ ನಿನ್ನ ಕಾದಂಬರಿ. ಯಾರಿಗಾದ್ರೂ ಪೊಟ್ಟಣ ಕಟ್ಟೋಕೆ ಕೊಡು."

ದಪ್ಪ ಪುಸ್ತಕ ಬೈಂಡಿಂಗ್ ಮೇಜಿನ ಮೇಲೆ ಧೊಪ್ಪನೆ ಬಿತ್ತು. ಹಾಳೆ ಹೊಲಿಯುತ್ತಿದ್ದ ಬೈಂಡರ್ ಬೆಚ್ಚಿ ತಲೆಯೆತ್ತಿದ. ಎದುರಿಗೆ ನಿಂತವಳು ಪಕ್ಕದ ಕನ್ನಡಕದಂಗಡಿಯ ಹುಡುಗಿ, ಶಾಲೆಯ ಕಾಲದಿಂದ ಅವನ ಗೆಳತಿ. ಅವಳಿಗೆ ಕೋಪ ನೆತ್ತಿಗೇರಿತ್ತು.

"ಯಾಕೆ, ಚೆನ್ನಾಗಿಲ್ವಾ? ಊರೆಲ್ಲ ಹೊಗಳ್ತಿದೆಯಲ್ಲ?"

"ಊರಿಗೇನು, ಹೊಗಳುತ್ತೆ. ನಿದ್ದೆಗೆಟ್ಟು ಓದಿದವಳು ನಾನು. ಆ ನಾಯಕ ಅರ್ಧ ಆಯಸ್ಸು ಗೆಳತಿಯ ಹಿಂದೆ ಮುಂದೆ ಸುತ್ತಿ, ಕೊನೆಗೆ 'ನಮ್ಮ ಸ್ನೇಹ ಪ್ರೀತಿಗಿಂತ ದೊಡ್ಡದು' ಅಂತ ಭಾಷಣ ಬಿಗಿದು ಇನ್ನೊಬ್ಬಳನ್ನ ಕಟ್ಕೊಂಡು ಹೋಗ್ತಾನೆ. ಇವಳು ಬಾಗಿಲಲ್ಲಿ ನಿಂತು ನಗ್ತಾ ಕೈ ಬೀಸ್ತಾಳಂತೆ. ಯಾವ ಹೆಣ್ಣು ನಗ್ತಾಳೆ ಹೇಳು?"

ಅವಳಿಗೆ ಪುಸ್ತಕ ಬರೆದವರ ಮೇಲಿದ್ದ ಸಿಟ್ಟು ಅರ್ಧ ಮಾತ್ರ, ಉಳಿದರ್ಧ ಇವನ ಮೇಲೆ. ಪುಸ್ತಕ ಕೊಡುವಾಗ ಇವನು ಹೇಳಿದ್ದನಲ್ಲ, 'ಇದು ನಮ್ಮಿಬ್ಬರ ಕಥೆ ಕಣೆ, ಪೂರ್ತಿ ಓದು, ಆಮೇಲೆ ಉತ್ತರ ಹೇಳು' ಎಂದು... ಬೇಡ ಎನ್ನಲು ಇಷ್ಟು ಸುತ್ತಿ ಬಳಸಬೇಕಿತ್ತೇ? ಇವನಿಗೋಸ್ಕರ ತಾನೇ ಅವಳು ಅಕ್ಕ ತಂದ ಸಂಬಂಧಕ್ಕೆ ಸಬೂಬು ಹೇಳಿಕೊಂಡು ದಿನ ತಳ್ಳಿದ್ದು!

"ಬೆಳಿಗ್ಗೆ ಅಕ್ಕನಿಗೆ ಹೂಂ ಅಂದುಬಿಟ್ಟೆ. ಇವತ್ತೇ ಹುಡುಗನ ಮನೆಗೆ ಫೋನ್ ಮಾಡ್ತಾಳೆ. ನಿನಗೂ ನೆಮ್ಮದಿ ಆಯ್ತಲ್ಲ?"

ಬೈಂಡರನ ಮುಖ ಬಿಳಿಚಿಕೊಂಡಿತು. "ಇನ್ನೊಬ್ಬಳನ್ನ ಕಟ್ಕೊಂಡು ಹೋಗ್ತಾನಾ? ಯಾವಾಗ?"

"ನಾಟಕ ಬೇಡ. ಓದದೇನೇ ಕೊಟ್ಯಾ?"

"ಓದಿದೀನಿ ಕಣೆ. ಆದ್ರೆ..."

ಪ್ರೆಸ್ಸಿನಿಂದ ಪುಸ್ತಕ ಅವನ ಬಳಿಗೆ ಮಡಿಸಿದ ಹಾಳೆಗಳ ಕಂತೆಕಂತೆಯಾಗಿ ಬರುತ್ತಿತ್ತು. ಹೊಲಿಯುವ ಮುಂಚೆ ಕೈಗೆ ಸಿಕ್ಕ ಕಂತೆಯನ್ನು ಓದುವುದು ಅವನ ಚಟ.

"ಕೊನೇ ಕಂತೆ ಆಚೆ ಮೇಜಿನವರು ಸೇರಿಸಿದ್ರು. ನಾನು ಓದಿದ್ದು ಅವನು ಅವಳ ಬಾಗಿಲು ತಟ್ಟಿ, 'ನೀನಿಲ್ಲದೆ ಆಗಲ್ಲ' ಅನ್ನೋವರೆಗೆ. ಅಲ್ಲಿಗೇ ಮುಗೀತು ಅಂದ್ಕೊಂಡೆ. ಇನ್ನೇನು ಉಳಿದಿರುತ್ತೆ?"

ಅವಳು ಹಣೆ ಚಚ್ಚಿಕೊಂಡಳು. "ಅದು ಕನಸು ಕಣೋ ದಡ್ಡ. ಮುಂದಿನ ಪುಟದಲ್ಲಿ ಅವನಿಗೆ ಎಚ್ಚರ ಆಗುತ್ತೆ."

ಇಬ್ಬರೂ ಮುಖಮುಖ ನೋಡಿಕೊಂಡರು. ಅವಳ ಎದೆ ಹಗುರವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯಬೇಕಾದರೂ ಯಾಕೆ? ಗಂಡಾಳು ಒಂದು ಮಾತಿಗೆ ಇಷ್ಟು ತಿಣುಕಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

"ಆ ಮಾತು ಹೇಳೋಕೆ ನಿನಗೆ ಇನ್ನೊಬ್ಬರ ಪುಸ್ತಕ ಬೇಕಾ? ಅರ್ಧಂಬರ್ಧ ಓದಿ ನನ್ನ ಬಾಳು ಹಾಳುಮಾಡ್ತಿದ್ದೆಯಲ್ಲ?"

"ಬಾಯೇ ಬರಲಿಲ್ಲ ಕಣೆ. ನೀನು ಇಲ್ಲ ಅಂದುಬಿಟ್ರೆ, ಆಮೇಲೆ ಮಾತಾಡೋಕೆ ನನಗೆ ಯಾರಿದ್ದಾರೆ?"

"ಈಗ ಹೇಳು."

ಅವನು ಸೂಜಿ ಕೆಳಗಿಟ್ಟು, ಅಂಟಾದ ಕೈಯನ್ನು ಅಂಗಿಗೆ ಒರೆಸಿಕೊಂಡು ಎದ್ದು ನಿಂತ. "ನಿನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ. ನನ್ನ ಮದುವೆ ಆಗ್ತೀಯಾ?"

ಅವಳು ಮೊಬೈಲ್ ತೆಗೆದು ಅಕ್ಕನಿಗೆ ಕರೆ ಮಾಡಿದಳು. "ಅಕ್ಕಾ, ಅವರಿಗೆ ಹೇಳಿಬಿಟ್ಯಾ?... ಇನ್ನೂ ಇಲ್ವಾ? ಹೇಳಬೇಡ. ಆಮೇಲೆ ಬೈಯುವಂತೆ, ಮೊದಲು ಕೇಳು. ನಾನು ಈ ಬೈಂಡರನ್ನೇ ಮದುವೆ ಆಗೋದು."

ಫೋನಿನಿಂದ ಅಕ್ಕನ ದನಿ ಜೋರಾಗಿ ಸಿಡಿಯಿತು.

"ಏನಂತಾರೆ?" ಅವನು ಮೆಲ್ಲಗೆ ಕೇಳಿದ.

ಅವಳು ಕಣ್ಣೊರೆಸಿಕೊಂಡು ಅವನ ಕೈಹಿಡಿದಳು. "ಬಾಯಿ ಬಿಡೋಕೆ ಅವನಿಗೆ ಇಷ್ಟು ವರ್ಷ ಬೇಕಾಯ್ತಾ ಅಂತಿದ್ದಾಳೆ. ತಗೋ, ನೀನೇ ಬೈಸ್ಕೋ."